ಕಡಲಿನ ಜ್ವರ ನೋಡಿದವಳು

ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಒಂದು ಆಶ್ರಮ. ಬೇರೆ ಆಶ್ರಮಗಳಲ್ಲಿ ಬೆಳಗಾದರೆ ಮಂತ್ರ. ಇಲ್ಲಿ ಬೆಳಗಾದರೆ ಕಡಲಿಗೆ ಜ್ವರ ನೋಡುವುದು!

ಆ ಕೆಲಸ ಶಿಷ್ಯೆ ವಾರಿಜಳದು. ಬಂಡೆಯ ಮೇಲಿಂದ ನೀರಿಗೆ ಉಷ್ಣಮಾಪಕ ಇಳಿಸುವಳು, ಅಂಕಿ ಬರೆದಿಡುವಳು, ಆಮೇಲೆ ಬಾವುಟ ಏರಿಸುವಳು. ಬಿಳಿ ಬಾವುಟವಾದರೆ ದೋಣಿಗಳು ಹೊರಡಬಹುದು, ಕೆಂಪಾದರೆ ತಿರುಗಿ ಬರಬೇಕು. ಊರಿನ ಮೀನುಗಾರರು ಅದನ್ನು ಮೀರಿದವರಲ್ಲ.

ಒಂದು ಬೆಳಿಗ್ಗೆ ರೇಡಿಯೊದಲ್ಲಿ ಸುದ್ದಿ ಬಂತು, ದೂರದ ಕಡಲಲ್ಲಿ ವಾಯುಭಾರ ಕುಸಿತ ಅಂತ.

ವಾರಿಜ ಗಾಬರಿಯಾಗಲಿಲ್ಲ. ಗುರು ತ್ರಿವಿಕ್ರಮರು ನಲವತ್ತು ವರ್ಷದ ಹಿಂದೆ ಬರೆದ ಪುಸ್ತಕ ಅವಳಿಗೆ ಬಾಯಿಪಾಠ. ‘ಕುಸಿತವು ಚಂಡಮಾರುತವಾಗಿ ದಡ ಮುಟ್ಟಲು ಮೂರು ದಿನ ಬೇಕು.’ ಮೂರು ದಿನ ಇದೆಯಲ್ಲ, ಇನ್ನೇನು? ಬಿಳಿ ಬಾವುಟ ಏರಿಸಿದಳು. ಹದಿನೆಂಟು ದೋಣಿ ಹೊರಟವು. ಒಂದರಲ್ಲಿ ಅವಳ ಅಣ್ಣ ಸಂಜೀವನಿದ್ದ.

ಅವಳು ಅಡುಗೆಮನೆಗೆ ಬಂದಾಗ ಗುರುಗಳು ಒಲೆಯ ಮೇಲೆ ಗಂಜಿ ಇಟ್ಟಿದ್ದರು.

“ಇವತ್ತು ಜ್ವರ ಎಷ್ಟು?”

“ಮೂವತ್ತೊಂದು ಡಿಗ್ರಿ, ಗುರುಗಳೇ. ನಿಮ್ಮ ಪುಸ್ತಕದಲ್ಲಿ ಈ ತಿಂಗಳಿಗೆ ಇಪ್ಪತ್ತೊಂಬತ್ತು ಅಂತಿದೆ.”

“ಹೌದಾ.” ಗುರುಗಳು ಒಲೆಗೆ ಇನ್ನೆರಡು ಸೌದೆ ತುರುಕಿದರು. “ಗಂಜಿ ಉಕ್ಕಲು ಎಷ್ಟು ಹೊತ್ತು ಬೇಕು?”

“ಅದು ಉರಿಯ ಮೇಲೆ ಹೋಗುತ್ತೆ.”

ಹೇಳಿದ್ದೇ ತಡ, ವಾರಿಜ ಕಡಲಿನ ಕಡೆ ತಿರುಗಿದಳು. ಚಂಡಮಾರುತಕ್ಕೆ ಬಿಸಿನೀರೇ ಆಹಾರ. ನೀರು ಕಾದಷ್ಟೂ ಅದು ಬೇಗ ಬಲಿಯುತ್ತದೆ.

“ಕಡಲಿನ ಒಲೆಗೆ ಸೌದೆ ತುರುಕಿದ್ದು ಯಾರು?” ಗುರುಗಳು ಕೇಳಿದರು.

“ನಾವೇ, ಗುರುಗಳೇ. ಕಲ್ಲಿದ್ದಲು ಸುಟ್ಟೆವು, ಎಣ್ಣೆ ಸುಟ್ಟೆವು. ಅದರ ಹೊಗೆಯೇ ಭೂಮಿಗೆ ಕಂಬಳಿ ಹೊದಿಸಿ ಕಡಲನ್ನು ಕಾಯಿಸಿತು. ಆದರೆ ಮೂರು ದಿನ ಅಂತ ಬರೆದವರು ನೀವಲ್ಲವಾ? ಈಗ ಏನು ಮಾಡಲಿ, ಹೇಳಿ!”

ಗುರುಗಳು ಗಂಜಿ ಕಲಕುತ್ತಾ ಕೂತರು.

ವಾರಿಜ ಎದ್ದವಳೇ ಓಡಿದಳು. ಬಿಳಿ ಬಾವುಟ ಇಳಿಸಿದಳು, ಕೆಂಪು ಏರಿಸಿದಳು.

ದಡದಲ್ಲಿ ಬಲೆ ನೇಯುತ್ತಿದ್ದ ಹಿರಿಯ ದೂಮಣ್ಣ ರೇಗಿಬಿಟ್ಟ. “ಎಂತ ಮಾರಾಯ್ತಿ ಇದು! ಬಂಗುಡೆ ಮೀನು ಸಿಗುವ ಹೊತ್ತಿಗೆ ಕರೆಯುವುದಾ? ಗುರುಗಳು ಮೂರು ದಿನ ಹೇಳಿದ್ದು ನಮಗೂ ಗೊತ್ತುಂಟು. ನೀನು ಅವರಿಗಿಂತ ದೊಡ್ಡವಳಾ?”

“ಅಲ್ಲ ದೂಮಣ್ಣ. ಆದರೆ ಬಾವುಟ ಇಳಿಸಲ್ಲ.”

“ಗಾಳಿ ಬಾರದಿದ್ದರೆ?”

“ಬಾರದಿದ್ದರೆ ನನ್ನನ್ನು ಬಾಯಿಗೆ ಬಂದ ಹಾಗೆ ಬೈಯಿರಿ. ಬಂದರೆ ಬೈಯಲು ಜನ ಇರಬೇಕಲ್ಲ!”

ಬಾವುಟ ಕಂಡ ದೋಣಿ ಕಾಣದ ದೋಣಿಗೆ ಸುದ್ದಿ ದಾಟಿಸಿತು. ಇಳಿಹೊತ್ತಿಗೆ ಹದಿನೇಳು ದೋಣಿ ಬಂದವು, ಎಲ್ಲ ಗೊಣಗುತ್ತಲೇ. ಸಂಜೀವನದು ಇರಲಿಲ್ಲ. ವಾರಿಜ ಬಂಡೆ ಬಿಟ್ಟು ಕದಲಲಿಲ್ಲ. ಸೂರ್ಯ ನೀರು ಮುಟ್ಟುವಾಗ ಅದೂ ಬಂತು. ಅಣ್ಣ ಖಾಲಿ ಬಲೆ ಎತ್ತಿ ತೋರಿಸಿ ಅವಳ ಮೇಲೆ ಕೂಗಾಡಿದ. ಆ ಬೈಗುಳ ಕೇಳುತ್ತಾ ಅವಳು ಅತ್ತೇಬಿಟ್ಟಳು.

ಬೆಳಕು ಹರಿಯುವಷ್ಟರಲ್ಲಿ ಚಂಡಮಾರುತ ದಡಕ್ಕೆ ಬಡಿಯಿತು. ಮೂರು ದಿನದ ದಾರಿಯನ್ನು ಒಂದೇ ದಿನದಲ್ಲಿ ಮುಗಿಸಿತ್ತು. ಹೆಂಚು ಹಾರಿದವು, ತೆಂಗು ಉರುಳಿದವು. ಜನರೆಲ್ಲ ಆಶ್ರಮದ ಕಲ್ಲಿನ ಚಾವಡಿಯಲ್ಲಿ ಒಬ್ಬರಿಗೊಬ್ಬರು ಅಂಟಿ ಕೂತಿದ್ದರು.

ಗಾಳಿ ನಿಂತಾಗ ದೂಮಣ್ಣ ಬಾಗಿಲಲ್ಲಿ ನಿಂತು ಒಂದೊಂದೇ ಮನೆಯ ಹೆಸರು ಕರೆದ. ಪ್ರತಿ ಮನೆಯವರೂ ಓಗೊಟ್ಟರು. ಒಬ್ಬರೂ ಕಡಿಮೆಯಿಲ್ಲ! ಚಾವಡಿಯಲ್ಲಿ ಎದ್ದ ಕೇಕೆ ಕಡಲಿನ ಮೊರೆತವನ್ನೇ ಮುಚ್ಚಿಹಾಕಿತು. ಸಂಜೀವ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದ, ದೂಮಣ್ಣನೂ ಕುಣಿದ.

ವಾರಿಜ ಹೇಗೋ ಬಿಡಿಸಿಕೊಂಡು ಗುರುಗಳ ಮುಂದೆ ಬಂದು ಕೂತಳು.

“ನಿಮ್ಮ ಮಾತನ್ನು ನಾನು ಮೀರಿದೆ, ಗುರುಗಳೇ.”

ತ್ರಿವಿಕ್ರಮರ ಕಣ್ಣು ತುಂಬಿತ್ತು, ಮುಖದ ತುಂಬ ನಗು.

“ಈ ಕಡಲಿಗೆ ನಾನೂ ಹೊಸ ಶಿಷ್ಯನೇ, ತಾಯಿ. ಸ್ವಲ್ಪ ಸರಿದು ಕೂತುಕೋ, ನನಗೂ ಜಾಗ ಕೊಡು.”