ಎಪ್ಪತ್ತೆರಡನೇ ನಂಬರಿನವನು

ತುಂಗಭದ್ರೆಯ ದಂಡೆಯಲ್ಲಿ ರುದ್ರಸ್ವಾಮಿ ಎಂಬ ಗುರುಗಳಿದ್ದರು. ಅಮೆರಿಕನ್ ಫುಟ್‌ಬಾಲ್ ಆಟಕ್ಕೆ ರೆಫರಿಗಳನ್ನು ತಯಾರು ಮಾಡುವುದು ಅವರ ಕಾಯಕ. ಈ ಕಡೆ ಆ ಆಟ ಯಾರಿಗೆ ಬೇಕು ಎಂದು ಜನ ನಗುತ್ತಿದ್ದರು. ಅವರೂ ಜೊತೆಗೆ ನಕ್ಕು ಪಾಠ ಮುಂದುವರಿಸುತ್ತಿದ್ದರು.

ಅವರ ಶಿಷ್ಯ ಜಿನದತ್ತನಿಗೆ ನಿಯಮಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಅವನಿಗಿದ್ದದ್ದು ಒಂದೇ ಆಸೆ, ಗುರುಗಳ ಹಳೆಯ ಸೀಟಿ. ಅದು ಕೈಗೆ ಬಂದ ಶಿಷ್ಯ ಪೂರ್ತಿ ರೆಫರಿಯಾದಂತೆ.

"ಯಾವತ್ತು ಕೊಡ್ತೀರಿ ಗುರುಗಳೇ?"

"ಇವತ್ತಿನ ಪಂದ್ಯ ನೀನೇ ನಡೆಸು. ನಾನು ಮೈದಾನದಾಚೆ ದಡದಲ್ಲಿ ಕೂತು ನೋಡ್ತೀನಿ."

ಆ ಆಟದಲ್ಲಿ ಎಸೆದ ಚೆಂಡನ್ನು ಎಲ್ಲರೂ ಹಿಡಿಯುವಂತಿಲ್ಲ. ಐವತ್ತರಿಂದ ಎಪ್ಪತ್ತೊಂಬತ್ತರವರೆಗಿನ ನಂಬರಿನವರು ಎದುರಾಳಿಗಳಿಗೆ ಅಡ್ಡ ನಿಲ್ಲಬೇಕು, ಅಷ್ಟೇ. ಅಂಥವನೊಬ್ಬ ಚೆಂಡು ಹಿಡಿಯಬೇಕೆಂದರೆ ಮೊದಲು ರೆಫರಿಗೆ ತಿಳಿಸಬೇಕು. ರೆಫರಿ ಅದನ್ನು ಎದುರು ತಂಡಕ್ಕೆ ಸಾರಬೇಕು.

"ಈ ನಿಯಮ ಯಾಕಿದೆ?" ಎಂದು ಗುರುಗಳು ಒಮ್ಮೆ ಕೇಳಿದ್ದರು.

"ಪುಸ್ತಕದಲ್ಲಿದೆಯಲ್ಲ ಗುರುಗಳೇ, ಅದಕ್ಕೆ," ಎಂದಿದ್ದ ಜಿನದತ್ತ. ಗುರುಗಳು ಮತ್ತೆ ಕೇಳಿರಲಿಲ್ಲ.

ಪಂದ್ಯ ಮುಗಿಯುತ್ತ ಬಂದಿತ್ತು. ಎಪ್ಪತ್ತೆರಡನೇ ನಂಬರಿನ ಬಸಲಿಂಗ ಹತ್ತಿರ ಬಂದು, "ಈ ಸಲ ನಾನೂ ಹಿಡಿಯೋನು ಸರ್," ಎಂದ.

ಜಿನದತ್ತನಿಗೆ ಖುಷಿಯೋ ಖುಷಿ. ಇಂಥದ್ದೊಂದು ಬರಲಿ ಎಂದೇ ಕಾದಿದ್ದ. ದಡದತ್ತ ತಿರುಗಿ, ಎರಡೂ ಕೈಯಿಂದ ಎದೆಯ ಮೇಲೆ ಸವರುವ ಸನ್ನೆ ಮಾಡಿ, ಎಪ್ಪತ್ತೆರಡನೇ ನಂಬರಿನವನು ಚೆಂಡು ಹಿಡಿಯಬಹುದೆಂದು ಗಟ್ಟಿಯಾಗಿ ಸಾರಿದ.

ಚೆಂಡು ಹಾರಿ ಬಂತು. ಬಸಲಿಂಗನ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಆರಾಮಾಗಿ ಹಿಡಿದು ಗೆರೆ ದಾಟಿದ. ಜಿನದತ್ತ ಅಂಕ ಕೊಟ್ಟ. ಆ ಅಂಕದಿಂದಲೇ ಬಸಲಿಂಗನ ತಂಡ ಗೆದ್ದು ಪಂದ್ಯ ಮುಗಿಯಿತು.

ಸೋತ ತಂಡದ ನಾಯಕ ತಿಪ್ಪೇಶಿ ಓಡಿ ಬಂದ.

"ನಮಗ್ಯಾರೂ ಹೇಳ್ಲಿಲ್ಲ ಸರ್. ಹೇಳಿದ್ರೆ ಅವನ ಬೆನ್ನಿಗೊಬ್ಬನ್ನ ಬಿಡ್ತಿದ್ವಿ."

"ಹೇಳಿದ್ನಲ್ಲಪ್ಪ, ಅಷ್ಟು ಗಟ್ಟಿಯಾಗಿ."

"ಗಾಳಿಗೆ ಏನೂ ಕೇಳ್ಲಿಲ್ಲ. ನಮಗೆ ಕಂಡಿದ್ದು ನಿಮ್ಮ ಬೆನ್ನು."

"ನಡಿ, ಗುರುಗಳನ್ನೇ ಕೇಳೋಣ."

ತಿಪ್ಪೇಶಿಯ ಕಣ್ಣಲ್ಲಿ ನೀರಿತ್ತು. ಜಿನದತ್ತ ಅದನ್ನು ನೋಡಲಿಲ್ಲ. ಅವನ ಕಣ್ಣೆಲ್ಲ ಗುರುಗಳ ಕೈಯಲ್ಲಿದ್ದ ಸೀಟಿಯ ಮೇಲಿತ್ತು.

"ಗುರುಗಳೇ, ನಾನು ಸಾರಿದ್ದು ನಿಮಗೆ ಕೇಳಿಸ್ತಲ್ಲ?"

"ಕೇಳಿಸ್ತು."

"ಸನ್ನೆ?"

"ಕಾಣಿಸ್ತು. ಒಂದು ಚೂರೂ ತಪ್ಪಿರಲಿಲ್ಲ."

ಕೇಳಿದೆಯಾ ಎನ್ನುವಂತೆ ಜಿನದತ್ತ ತಿಪ್ಪೇಶಿಯತ್ತ ನೋಡಿ, ಸೀಟಿಗೆ ಕೈ ಚಾಚಿದ.

ಗುರುಗಳು ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಎದ್ದು ಪಂಚೆಗಂಟಿದ್ದ ಮರಳು ಕೊಡವಿದರು.

ಜಿನದತ್ತನ ಮುಖ ಸಪ್ಪಗಾಯಿತು. "ಯಾಕೆ ಗುರುಗಳೇ? ಎಲ್ಲಾ ಸರಿ ಇತ್ತು ಅಂದ್ರಲ್ಲ."

"ಸರಿಯಾಗೇ ಇತ್ತಪ್ಪ," ಎಂದರು ಗುರುಗಳು. "ಆದ್ರೆ ಬಸಲಿಂಗನ್ನ ತಡೀಬೇಕಾಗಿದ್ದೋನು ನಾನಲ್ವಲ್ಲ."