ಹೆಂಡದ ಮಡಕೆಗೆ ಸೆರೆವಾಸ

"ನನ್ನ ಆಜ್ಞೆ ಮೀರೋ ವಸ್ತು ಈ ಸಂಸ್ಥಾನದಲ್ಲೇ ಇಲ್ಲ!" ಎಂದು ಕೊಳ್ಳಿಗುಡ್ಡದ ದೊರೆ ದುಗ್ಗಪ್ಪನಾಯಕ ತೊಡೆ ತಟ್ಟಿದ.

ಸಂಸ್ಥಾನ ಅಂದರೆ ಏನು ಮಹಾ, ಹನ್ನೊಂದು ಹಳ್ಳಿ, ಒಂದು ಕೋಟೆ, ಒಂದು ಮುದಿ ಆನೆ. ಆ ಆನೆಯೂ ಅವನ ಮಾತು ಕೇಳುತ್ತಿರಲಿಲ್ಲ. ಆದರೆ ಅದನ್ನು ಅವನಿಗೆ ಹೇಳೋರು ಯಾರು?

ತೊಡೆ ತಟ್ಟಿದ್ದು ಯಾರ ಮುಂದೆ ಅಂತೀರಿ? ಹೆಂಡ ಮಾಡುವ ದ್ಯಾವಕ್ಕನ ಮುಂದೆ. ಅವಳ ರಾಗಿ ಹೆಂಡಕ್ಕೆ ಹನ್ನೊಂದು ಹಳ್ಳಿಯೂ ಮರುಳಾಗಿತ್ತು. ತಾನೂ ಅವಳ ಜೊತೆ ಸೇರಿ ಹೊಸದೊಂದು ಹೆಂಡ ಮಾಡಬೇಕು ಅಂತ ದೊರೆಗೆ ಆಸೆ ಹುಟ್ಟಿತು. ಮೊಳಕೆ ರಾಗಿ ಅವಳದು, ಜೇನು ಅರಮನೆಯದು. ಹೆಸರು ಮಾತ್ರ ಪೂರ್ತಿ ದೊರೆಯದೇ.

"ರಾಗಿ ಕಲಸಿದ್ದೀನಿ, ನಿಮ್ಮ ಜೇನೂ ಹುಯ್ದಿದ್ದೀನಿ ಬುದ್ಧಿ" ಎಂದಳು ದ್ಯಾವಕ್ಕ. "ಇನ್ನು ಒಂಬತ್ತು ದಿನ ಬಿಟ್ಟರೆ ಆಯ್ತು."

"ಒಂಬತ್ತು ದಿನವೇ? ನನಗೆ ನಾಳೆ ಬೆಳಿಗ್ಗೆ ಬೇಕು."

"ಅದು ಹುದುಗಬೇಡವಾ ಬುದ್ಧಿ?"

"ಬೇಗ ಹುದುಗು ಅಂತ ಹೇಳು. ನಾನು ಹೇಳಿದೆ ಅಂತ ಹೇಳು!"

ಪಕ್ಕದಲ್ಲೇ ಮಂತ್ರಿ ವೆಂಕಪ್ಪಯ್ಯ ಇದ್ದ. ಅವನು ಸುಮ್ಮನಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತೋ ಏನೋ. "ನಾಳೆ ಆಗದಿದ್ದರೆ ಆ ಮಡಕೆ ಒಡೆಸಿಬಿಡಿ ಪ್ರಭು" ಎಂದ. ದೊರೆ ಹೂಂ ಎಂದುಬಿಟ್ಟ.

ಅದು ದ್ಯಾವಕ್ಕನ ಅಜ್ಜಿಯ ಕಾಲದ ಮಡಕೆ. ಮೂರು ತಲೆಮಾರಿನ ಹುದುಗು ಅದರ ಒಡಲಿಗೆ ಅಂಟಿಕೊಂಡಿತ್ತು. ಹೊಸ ಮಡಕೆಯಲ್ಲಿ ಮಾಡಿದರೆ ಅದು ಹೆಂಡವಲ್ಲ, ಬರೀ ರಾಗಿ ಗಂಜಿ. ಮಡಕೆ ಹೋದರೆ ಕಸುಬೂ ಹೋದಂತೆಯೇ.

ಅಳುತ್ತಾ ಸಣ್ಣೀರಪ್ಪನ ಮನೆಗೆ ಓಡಿದಳು. ಸಣ್ಣೀರಪ್ಪ ಆಸ್ಥಾನದ ಮಾತುಗಾರ. ದೊರೆಯ ಸಿಟ್ಟನ್ನು ನಗುವಾಗಿ ತಿರುಗಿಸೋದೇ ಅವನ ಉದ್ಯೋಗ.

"ಕಣ್ಣೊರೆಸಿಕೋ ಅಕ್ಕ" ಎಂದ ಅವನು. "ಬೆಳಿಗ್ಗೆ ಮಡಕೆ ಹೊತ್ತುಕೊಂಡು ಆಸ್ಥಾನಕ್ಕೆ ಬಾ. ನಾನು ಏನೇ ಬಡಬಡಿಸಿದರೂ ನೀನು ಮಾತ್ರ ತುಟಿ ಬಿಚ್ಚಬೇಡ."

ಬೆಳಿಗ್ಗೆ ದೊರೆ ಒಂದು ಗುಟುಕು ಕುಡಿದ. "ಥೂ! ಸಿಹಿ ಕಲಗಚ್ಚು!"

"ಒನಕೆ ತನ್ನಿರೋ!" ಎಂದ ಮಂತ್ರಿ ಉತ್ಸಾಹದಿಂದ.

"ತಡೀರಿ ಸ್ವಾಮಿ" ಎಂದು ಸಣ್ಣೀರಪ್ಪ ಅಡ್ಡ ಬಂದ. "ರಾಗಿ ಕಲಸೋದು ಇವಳ ಕೆಲಸ, ಕಲಸಿದಳು. ಆಜ್ಞೆ ಮಾಡೋದು ಪ್ರಭುಗಳ ಕೆಲಸ, ಮಾಡಿದರು. ಹಾಗಾದರೆ ಮೀರಿದ್ದು ಯಾರು? ಈ ಮಡಕೆ! ಮೊದಲು ಇದರ ವಿಚಾರಣೆ ಆಗಲಿ."

ದೊರೆಗೆ ಇದು ಹಿಡಿಸಿತು. ಮಡಕೆಯನ್ನು ಕಟಕಟೆಯಲ್ಲಿ ನಿಲ್ಲಿಸಿದರು. ಅದು ವಾಲದ ಹಾಗೆ ಇಬ್ಬರು ಭಟರು ಎರಡು ಕಡೆ ಹಿಡಿದುಕೊಂಡರು.

"ಏಯ್ ಮಡಕೆ, ದೊರೆಗಳ ಆಜ್ಞೆ ನಿನಗೆ ತಿಳಿದಿತ್ತೋ ಇಲ್ಲವೋ?" ಎಂದು ಸಣ್ಣೀರಪ್ಪ ಕೇಳಿದ.

"ಬುಳುಕ್" ಎಂದಿತು ಮಡಕೆ.

"ತಿಳಿದಿತ್ತಂತೆ ಪ್ರಭು. ಮತ್ತೆ ಯಾಕೆ ಮೀರಿದೆಯೋ ಮಡಕೆ?"

"ಬುಳುಕ್, ಬುಳುಕ್, ಬುಸ್ಸ್!" ನೊರೆ ಉಕ್ಕಿ ಮಂತ್ರಿಯ ಪಂಚೆಯ ಮೇಲೆ ಚೆಲ್ಲಿತು.

"ಎದುರು ಮಾತು ಬೇರೆ!" ದೊರೆ ಸಿಂಹಾಸನದಿಂದ ಎದ್ದೇಬಿಟ್ಟ.

"ಒಡೆದುಹಾಕಿ!" ಎಂದ ಮಂತ್ರಿ, ಪಂಚೆ ಕೊಡವುತ್ತಾ.

"ಒಡೆದರೆ ಒಂದೇ ಏಟಿಗೆ ಸುಖವಾಗಿ ಸಾಯುತ್ತೆ" ಎಂದ ಸಣ್ಣೀರಪ್ಪ. "ರಾಜದ್ರೋಹಕ್ಕೆ ಇಷ್ಟೇ ಶಿಕ್ಷೆಯೇ? ನರಳಬೇಕು ಪ್ರಭು, ನರಳಬೇಕು! ನೆಲಮಾಳಿಗೆಯ ಕತ್ತಲೆ ಕೋಣೆಗೆ ತಳ್ಳಿ. ಎದುರಾಡದ ಹಾಗೆ ಬಾಯಿಗೆ ಬಟ್ಟೆ ಕಟ್ಟಿ. ಮುಖ ಯಾರಿಗೂ ಕಾಣದ ಹಾಗೆ ಕಂಬಳಿ ಹೊದಿಸಿ. ಯಾರೂ ಮುಟ್ಟಬಾರದು, ಅಲ್ಲಾಡಿಸಬಾರದು. ಸಾಕ್ಷಾತ್ ತಾವು ಕೂಡ!"

"ಭೇಷ್! ಎಷ್ಟು ದಿನ?"

"ಮೊದಲನೇ ತಪ್ಪು, ಪಾಪ. ಒಂಬತ್ತು ದಿನ ಸಾಕು."

ದ್ಯಾವಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಅಂತಲೇ ಎಲ್ಲರೂ ತಿಳಿದರು.

ಬಂದೀಖಾನೆಯ ಕಾವಲುಗಾರ ಓಬಯ್ಯ ದಿನಾ ಬಂದು ವರದಿ ಒಪ್ಪಿಸುತ್ತಿದ್ದ. ಎರಡನೇ ದಿನ, "ಬುಸುಗುಟ್ತಾನೇ ಇದೆ ಬುದ್ಧಿ, ಭಾರೀ ಕೊಬ್ಬು." ಐದನೇ ದಿನ, "ಗೊಣಗಾಟ ಕಮ್ಮಿಯಾಗಿದೆ." ಒಂಬತ್ತನೇ ದಿನ, "ಕಿವಿ ಇಟ್ಟು ಕೇಳಿದೆ ಬುದ್ಧಿ. ತೆಪ್ಪಗಿದೆ."

"ಬುದ್ಧಿ ಬಂತು ಅದಕ್ಕೆ!" ಎಂದ ದೊರೆ. "ಬಿಡುಗಡೆ ಮಾಡಿ."

ಬಟ್ಟೆ ಬಿಚ್ಚಿದ್ದೇ ತಡ, ಆಸ್ಥಾನವೆಲ್ಲ ಘಮ್ಮೆಂದಿತು. ದೊರೆ ಒಂದು ಬಟ್ಟಲು ಕುಡಿದ. ಮಾತಾಡದೆ ಇನ್ನೊಂದು ಕುಡಿದ. ಇಂಥ ಹೆಂಡ ದ್ಯಾವಕ್ಕನ ಅಜ್ಜಿಯೂ ಮಾಡಿರಲಿಲ್ಲ. ಮಂತ್ರಿ ವೆಂಕಪ್ಪಯ್ಯನಂತೂ ಮಡಕೆಯನ್ನು ತಬ್ಬಿಕೊಂಡು, "ತಪ್ಪಾಯ್ತು ಕಣಪ್ಪಾ" ಅಂತ ಅತ್ತೇಬಿಟ್ಟ.

ಮೂರನೇ ಬಟ್ಟಲಿಗೆ ದೊರೆಯ ತಲೆ ಓಡತೊಡಗಿತು. ಬೆರಳು ಮಡಿಸಿ ಎಣಿಸಿದ. ಕಣ್ಣು ಕೆಂಪಾಯಿತು.

"ಸಣ್ಣೀರಪ್ಪಾ! ಇದಕ್ಕೆ ಒಂಬತ್ತು ದಿನ ಬೇಕು ಅಂತ ದ್ಯಾವಕ್ಕ ಮೊದಲೇ ಅಂದಿದ್ದಳು, ಅಲ್ಲವೇನೋ?"

"ಹೌದು ಪ್ರಭು."

"ಅಂದರೆ ನನ್ನ ಆಜ್ಞೆಗೆ ಇದು ಕಿವಿಯನ್ನೇ ಕೊಡಲಿಲ್ಲ! ರಾಗಿ ಇವಳದು. ಹುದುಗು ಇವಳ ಅಜ್ಜಿಯದು. ಜೇನು, ಅದು ಹುಳದ್ದು. ನಾನೇ ಮಾಡಿದ ಹೆಂಡ ಅಂತ ಊರೆಲ್ಲ ಡಂಗುರ ಹೊಡೆಸಿದ್ದೀನಲ್ಲೋ. ಇದರಲ್ಲಿ ನಾನು ಮಾಡಿದ ಕೆಲಸ ಯಾವುದು?"

ದ್ಯಾವಕ್ಕನ ಕೈ ಮಡಕೆಯ ಕಡೆ ಹೋಯಿತು.

ಸಣ್ಣೀರಪ್ಪ ಕೈ ಮುಗಿದ. "ಎಲ್ಲಕ್ಕಿಂತ ಕಷ್ಟದ ಕೆಲಸ ಮಾಡಿದ್ದೇ ತಾವು ಪ್ರಭು."

"ಯಾವುದಯ್ಯಾ ಅದು?"

"ಒಂಬತ್ತು ದಿನ ಕೈ ಹಾಕದೆ ಸುಮ್ಮನಿದ್ದಿರಲ್ಲಾ! ತಾವು ಪಟ್ಟಕ್ಕೆ ಬಂದಾಗಿನಿಂದ ಈ ಸಂಸ್ಥಾನದಲ್ಲಿ ಯಾವ ಕೆಲಸಕ್ಕೂ ಇಂಥ ಸಹಾಯ ಸಿಕ್ಕಿರಲಿಲ್ಲ."

ದೊರೆ ಅವನನ್ನೇ ದಿಟ್ಟಿಸಿ ನೋಡಿದ. ಆಮೇಲೆ ಹೆಂಡ ಮೂಗಿಗೆ ಏರುವಷ್ಟು ನಕ್ಕ. ತನ್ನ ಕೊರಳ ಹಾರ ತೆಗೆದು ಸಣ್ಣೀರಪ್ಪನಿಗೆ ಹಾಕಿದ. ನೆಲಮಾಳಿಗೆಯ ಕೋಣೆಯನ್ನು ದ್ಯಾವಕ್ಕನಿಗೇ ಬರೆದುಕೊಟ್ಟ.

"ಹಾಗಾದರೆ ಇನ್ನೊಂದು ಸಲ ಕಲಸಲಾ ಬುದ್ಧಿ?" ಎಂದು ಅವಳು ಕೇಳಿದಳು.

"ಕಲಸಮ್ಮಾ, ಕಲಸು! ನನ್ನ ಪಾಲಿನ ಕೆಲಸ ಈಗಲೇ ಶುರು ಮಾಡ್ತೀನಿ" ಎಂದು ದೊರೆ ಎರಡೂ ಕೈ ಕಟ್ಟಿಕೊಂಡು ಕೂತುಬಿಟ್ಟ.