ಜೋಪಾನವಾಗಿದ್ದ ಫುಟ್‌ಬಾಲ್

ಒಂದು ಸ್ಕೂಲಿನ ಬೀರುಗೆ ಒಂದು ಬೀಗ ಇತ್ತು. ಬೀರು ಒಳಗೆ ಹೊಸ ಫುಟ್‌ಬಾಲ್. ಅದನ್ನ ತಂದಿದ್ದು ಇನ್‌ಸ್ಪೆಕ್ಷನ್‌ಗೆ ಸಾಹೇಬ್ರು ಬಂದಾಗ ತೋರಿಸೋಕೆ, ಆಡೋಕಲ್ಲ. ಆಟದ ಪೀರಿಯಡ್ಡನ್ನ ಹೇಗೂ ಗಣಿತದ ಮೇಷ್ಟ್ರು 'ಪೋರ್ಷನ್ ಮುಗಿದಿಲ್ಲ' ಅಂತ ನುಂಗಿಬಿಡೋರು.

"ಬೀಗಣ್ಣ, ಒಂದೇ ಒಂದ್ಸಲ ಬಿಡಣ್ಣ. ಮಕ್ಕಳ ಕಾಲಿಗೆ ಸಿಗ್ಬೇಕು ನಾನು," ಅಂತ ಚೆಂಡು ಗೋಗರೀತು.

"ಹುಚ್ಚು ಮುಂಡೇದೇ! ಹೊರಗೆ ಹೋದ್ರೆ ಒದೆ ತಿಂತೀಯ, ಮುಳ್ಳು ಚುಚ್ಚಿಸ್ಕೋತೀಯ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು, ತೆಪ್ಪಗೆ ಕೂತ್ಕೊ," ಅಂತು ಬೀಗ. ಅದಕ್ಕೆ ಚೆಂಡಿನ ಮೇಲೆ ನಿಜವಾಗ್ಲೂ ಪ್ರೀತಿ ಇತ್ತು.

ಹೀಗೇ ಆರು ವರ್ಷ ಕಳೀತು. ಆಮೇಲೆ ಹೊಸ ಪಿ.ಟಿ. ಟೀಚರ್ ಫ್ಲೋರಿನ್ ಮೇಡಂ ಬೀಗದ ಕೈ ತಂದ್ರು. ಬೀಗ ತೆರ್ಕೊಳ್ಳೋಣ ಅಂದ್ರೆ ಅದರ ಮೈಯೇ ಅಲ್ಲಾಡ್ಲಿಲ್ಲ, ಒಳಗೆಲ್ಲ ತುಕ್ಕು. ಕೊನೆಗೆ ಕಲ್ಲಲ್ಲಿ ಜಜ್ಜಿ ಒಡೆದ್ರು. ಚೆಂಡಿಗೆ ಪಂಪ್ ಹೊಡೆದ್ರೆ, ಬಿರುಕು ಬಿಟ್ಟಿದ್ದ ರಬ್ಬರಿಂದ ಗಾಳಿಯೆಲ್ಲ ಬುಸ್ಸಂತ ಹೊರಗೆ ಬಂತು. ಮೇಡಂ ಎರಡನ್ನೂ ಮೂಲೆಗೆ ಹಾಕಿದ್ರು.

"ನಿನ್ನ ಮೈಗೆ ಒಂದು ಗೀರೂ ಬೀಳದ ಹಾಗೆ ನೋಡ್ಕೊಂಡೆನಲ್ಲೋ ತಮ್ಮಾ!" ಅಂತ ಬೀಗ ಅತ್ತುಬಿಡ್ತು.

"ಹೌದಣ್ಣ," ಅಂತು ಚೆಂಡು. "ಒಂದೇ ಒಂದು ಒದೆನೂ ತಿನ್ನದೆ ಸಾಯ್ತಾ ಇದೀನಿ."